80 ಸಾವಿರದೊಳಗೆ ಗೇಮಿಂಗ್ ಪಿಸಿ: ಯಾವ ಪಾರ್ಟ್‌ಗೆ ಎಷ್ಟು ದುಡ್ಡು, ಯಾಕೆ

ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಬೇಕು ಅಂತ ಹೊರಟವರು ಮೊದಲು ಕೇಳುವುದು "ಐ5 ಹಾಕಿಸಲಾ, ಐ7 ಹಾಕಿಸಲಾ?" ಅಂತ. ಅದು ಪ್ರೊಸೆಸರಿನ ಪ್ರಶ್ನೆ, ನಾಲ್ಕನೆಯದಾಗಿ ಕೇಳಬೇಕಾದದ್ದು. ಮೊದಲು ಯಾವ ಆಟ, ಆಮೇಲೆ ಯಾವ ಮಾನಿಟರ್, ಅದಕ್ಕೆ ತಕ್ಕ, ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದು. ಈ ಮೂರು ಗೊತ್ತಾದರೆ ಪ್ರೊಸೆಸರ್ ಆರಿಸುವುದು ಐದು ನಿಮಿಷದ ಕೆಲಸ. ಉಳಿದ ಪಾರ್ಟುಗಳಿಗೆಲ್ಲ ಇರುವುದು ಒಂದೇ ಕೆಲಸ, ಕಾರ್ಡಿಗೆ ಅಡ್ಡ ಬರದೆ ಇರುವುದು. ಅಷ್ಟು ಮಾಡಿದರೆ ಸಾಕು, ಅದಕ್ಕಿಂತ ಜಾಸ್ತಿ ದುಡ್ಡು ಅವಕ್ಕೆ ಹಾಕಬೇಡಿ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಗೆ ತಕ್ಕಂತೆ ಮಾಡಿ ಕೊಡುವ ಡಬ್ಬಿ) ಒಂದು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ತಗೊಳ್ಳಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಹೇಳುವ 80 ಸಾವಿರ ರೂಪಾಯಿ ಸಿಪಿಯು ಡಬ್ಬಿಗೆ ಮಾತ್ರ. ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ಯುಪಿಎಸ್, ವಿಂಡೋಸ್ ಬೇರೆ. ಇವನ್ನು ಮರೆತು ಲೆಕ್ಕ ಹಾಕಿದವರು ಕೊನೆಗೆ ಕಾರ್ಡಿನ ದುಡ್ಡಿಗೇ ಕೈ ಹಾಕಬೇಕಾಗುತ್ತದೆ. ಹಾಗಾಗಿ ಒಟ್ಟು ಕೈಯಲ್ಲಿರುವ ಹಣದಿಂದ ಇವನ್ನೆಲ್ಲ ಮೊದಲೇ ಕಳೆದು, ಉಳಿದದ್ದನ್ನು ಡಬ್ಬಿಯ ಬಜೆಟ್ ಅಂದುಕೊಳ್ಳಿ.

ಹೆಜ್ಜೆ 1: ಆಟ ಮತ್ತು ಮಾನಿಟರ್

ಒಂದು ಹಾಳೆ ತೆಗೆದುಕೊಂಡು ನೀವು ನಿಜವಾಗಿ ಆಡುವ ಆಟಗಳನ್ನು ಬರೆಯಿರಿ. ಯೂಟ್ಯೂಬಿನಲ್ಲಿ ನೋಡಿ ಮೆಚ್ಚಿದ್ದನ್ನಲ್ಲ, ಆಡುವುದನ್ನು. ಆ ಪಟ್ಟಿ ಸಾಮಾನ್ಯವಾಗಿ ಎರಡು ಗುಂಪಾಗುತ್ತದೆ.

ವ್ಯಾಲೊರೆಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ಥರದ ಆನ್‌ಲೈನ್ ಶೂಟಿಂಗ್ ಆಟಗಳು ಒಂದು ಗುಂಪು. ಇವುಗಳಲ್ಲಿ ಚಿತ್ರ ಎಷ್ಟು ಚೆಂದ ಅನ್ನುವುದಕ್ಕಿಂತ ಫ್ರೇಮ್ (ಪರದೆಗೆ ಬರುವ ಒಂದೊಂದು ಚಿತ್ರ) ಎಷ್ಟು ಬೇಗ ಬರುತ್ತದೆ ಅನ್ನುವುದು ಮುಖ್ಯ. ಇವು ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಭಾರ ಹಾಕುತ್ತವೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2 ಥರದ ದೊಡ್ಡ ಕಥೆಯ ಆಟಗಳು ಇನ್ನೊಂದು ಗುಂಪು. ಇವು ಕಾರ್ಡನ್ನೇ ಹಿಂಡುತ್ತವೆ. ಮೊದಲ ಗುಂಪನ್ನಷ್ಟೇ ಆಡುವವರು 80 ಸಾವಿರ ಖರ್ಚು ಮಾಡುವುದೇ ಬೇಡ. 55ರಿಂದ 60 ಸಾವಿರದಲ್ಲಿ ಅವರ ಕೆಲಸ ಆಗುತ್ತದೆ, ಉಳಿದ ದುಡ್ಡನ್ನು ಒಳ್ಳೆ ಮಾನಿಟರಿಗೆ ಹಾಕಬಹುದು.

ಮಾನಿಟರ್ ವಿಷಯಕ್ಕೆ ಬಂದರೆ, 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ (ಬಣ್ಣದ ಚುಕ್ಕೆ) ಇರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮಿಗೂ ಅಷ್ಟು ಪಿಕ್ಸೆಲ್‌ಗೆ ಬಣ್ಣ ಹಚ್ಚಬೇಕಾದ್ದು ಕಾರ್ಡು. ಈ ಬಜೆಟ್ಟಿನ ಕಾರ್ಡುಗಳು 1080ಪಿಗೆ ಹೇಳಿ ಮಾಡಿಸಿದವು, 1440ಪಿಯಲ್ಲಿ ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ನಡೆಯುತ್ತದೆ. 4ಕೆ ಮಾತು ಸದ್ಯಕ್ಕೆ ಬಿಡಿ. ನನ್ನ ಸಲಹೆ 24 ಇಂಚಿನ 1080ಪಿ ಐಪಿಎಸ್ (ಬಣ್ಣ ಚೆನ್ನಾಗಿ ತೋರಿಸುವ ಬಗೆಯ ಪರದೆ) ಮಾನಿಟರ್, ಕನಿಷ್ಠ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ). 60 ಹರ್ಟ್ಸ್ ಪರದೆ ಒಂದು ಚಿತ್ರವನ್ನು 16.7 ಮಿಲಿಸೆಕೆಂಡ್ ಹಿಡಿದಿಟ್ಟರೆ 144 ಹರ್ಟ್ಸ್ ಪರದೆ 6.9 ಮಿಲಿಸೆಕೆಂಡ್ ಮಾತ್ರ ಹಿಡಿದಿಡುತ್ತದೆ. ಮೌಸ್ ಅಲ್ಲಾಡಿಸಿದ ಕೂಡಲೇ ಈ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ. ಹಳೆಯ 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು 200 ಫ್ರೇಮ್ ಕೊಡುವ ಪಿಸಿ ಕಟ್ಟಿಸಿದರೆ, ಅಷ್ಟು ಫ್ರೇಮುಗಳಲ್ಲಿ ಪೂರ್ತಿಯಾಗಿ ನಿಮ್ಮ ಕಣ್ಣಿಗೆ ಬೀಳುವುದು 60 ಮಾತ್ರ.

ಹೆಜ್ಜೆ 2: ದುಡ್ಡು ಹಂಚುವುದು

ನಾನು ಹಂಚುವ ಲೆಕ್ಕ ಹೀಗೆ:

ಗ್ರಾಫಿಕ್ಸ್ ಕಾರ್ಡ್: 28ರಿಂದ 32 ಸಾವಿರ
ಪ್ರೊಸೆಸರ್: 10ರಿಂದ 12 ಸಾವಿರ
ಮದರ್‌ಬೋರ್ಡ್: 8ರಿಂದ 9 ಸಾವಿರ
ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವಿಂಡೋಸ್, ಆಟಗಳು ಕೂರುವ ಡ್ರೈವ್) ಸೇರಿ: 18ರಿಂದ 20 ಸಾವಿರ
ಎಸ್‌ಎಂಪಿಎಸ್: 4,500ರಿಂದ 5,500
ಕ್ಯಾಬಿನೆಟ್: 3,500 ಆಸುಪಾಸು

ಇವು ಮಿತಿಗಳು, ಅಂಗಡಿಯ ರೇಟು ಅಲ್ಲ. ಎಲ್ಲದರಲ್ಲೂ ಮೇಲಿನ ಅಂಕಿಗೆ ಹೋದರೆ 82 ಸಾವಿರ ಆಗುತ್ತದೆ, ಹಾಗಾಗಿ ಒಂದೆರಡರಲ್ಲಿ ಕೆಳಗಿನ ಅಂಕಿಗೆ ನಿಲ್ಲಿ. ರೇಟು ವಾರವಾರ ಬದಲಾಗುತ್ತದೆ. ಅದರಲ್ಲೂ ರ‍್ಯಾಮಿನ ಕಥೆ 2025ರ ಕೊನೆಯಲ್ಲಿ ತಲೆಕೆಳಗಾಯಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಎಳೆದುಕೊಳ್ಳತೊಡಗಿದ ಮೇಲೆ ರ‍್ಯಾಮಿನ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತು, ಹಿಂದೆಯೇ ಎಸ್‌ಎಸ್‌ಡಿ ಬೆಲೆಯೂ ಏರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ ಹಳೆಯ ವಿಡಿಯೊ ನೋಡಿ "16 ಜಿಬಿ ರ‍್ಯಾಮ್ ಮೂರು ಸಾವಿರ" ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ, ಅಂಗಡಿಯವರು ನಗುತ್ತಾರೆ.

ಹೆಜ್ಜೆ 3: ಗ್ರಾಫಿಕ್ಸ್ ಕಾರ್ಡ್

ಹೆಚ್ಚು ಹೊತ್ತು ಕೂತು ಯೋಚಿಸಬೇಕಾದ ಜಾಗ ಇದು.

ಹೊಸದಾಗಿ ಕೊಳ್ಳುವವರಿಗೆ ಈ ಬಜೆಟ್ಟಿನ ಸುತ್ತ ಸಿಗುವವು ಕೆಲವೇ ಹೆಸರುಗಳು. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 5060 ಮತ್ತು ಅದಕ್ಕೂ ಹಿಂದಿನ 4060, ಎರಡರಲ್ಲೂ 8 ಜಿಬಿ ಮೆಮೊರಿ. ಎಎಂಡಿಯಲ್ಲಿ ಆರ್‌ಎಕ್ಸ್ 7600, ಅದರ ಮೇಲೆ 2025ರಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ. ಈ ಕೊನೆಯದು 8 ಜಿಬಿ ಮತ್ತು 16 ಜಿಬಿ, ಎರಡು ರೂಪದಲ್ಲಿದೆ. ಇಂಟೆಲಿನದು 12 ಜಿಬಿಯ ಆರ್ಕ್ ಬಿ580.

ಮೆಮೊರಿ ಯಾಕೆ ಮುಖ್ಯ? ಆಟದ ಟೆಕ್ಸ್ಚರ್‌ಗಳು (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರಗಳು) ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಅವು ಪಿಸಿಐಇ ಅನ್ನುವ, ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಪಿಸಿಯ ರ‍್ಯಾಮಿಗೆ ಹೋಗಿ ಬಂದು ಮಾಡುತ್ತವೆ. ಆ ದಾರಿ ತುಂಬಾ ನಿಧಾನ. ಆಗ ಸರಾಸರಿ ಫ್ರೇಮ್ ಲೆಕ್ಕ ಚೆನ್ನಾಗೇ ಕಾಣಬಹುದು, ಆದರೆ ಆಟ ನಡುನಡುವೆ ತಡವರಿಸುತ್ತದೆ. 1080ಪಿಯಲ್ಲಿ 8 ಜಿಬಿ ಇವತ್ತಿಗೆ ಸಾಕು. ಕೆಲವು ಹೊಸ ಆಟಗಳಲ್ಲಿ ಟೆಕ್ಸ್ಚರ್ ಸೆಟ್ಟಿಂಗನ್ನು ಅಲ್ಟ್ರಾದಿಂದ ಹೈಗೆ ಇಳಿಸಬೇಕಾಗುತ್ತದೆ, ಅಷ್ಟೆ. ಆದರೆ ಕಾರ್ಡನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದು, ಇನ್ನೊಂದಿಷ್ಟು ದುಡ್ಡು ಹೊಂದಿಸಲು ಆದರೆ, ನಾನು 9060 ಎಕ್ಸ್‌ಟಿ 16 ಜಿಬಿಗೆ ಹೋಗುತ್ತೇನೆ. ಅದಕ್ಕಾಗಿ ಮದರ್‌ಬೋರ್ಡ್, ಕ್ಯಾಬಿನೆಟ್ ಎರಡರಲ್ಲೂ ಉಳಿಸಬಹುದು.

ಬಿ580 ಬೆಲೆಗೆ ಒಳ್ಳೆಯ ಕಾರ್ಡು, ಆದರೆ ಒಂದು ಷರತ್ತು ಇದೆ. ಅದಕ್ಕೆ ಬಯಾಸಿನಲ್ಲಿ (ವಿಂಡೋಸಿಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ರೀಸೈಜಬಲ್ ಬಾರ್, ಅಂದರೆ ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ಸೆಟ್ಟಿಂಗ್, ಆನ್ ಆಗಿರಲೇಬೇಕು, ಜೊತೆಗೆ ಹಳೆಯ ಅಥವಾ ನಿಧಾನದ ಪ್ರೊಸೆಸರ್ ಜೊತೆ ಅದು ತನ್ನ ಪೂರ್ತಿ ಶಕ್ತಿ ತೋರಿಸುವುದಿಲ್ಲ. ಹಳೆ ಪಿಸಿಗೆ ಕಾರ್ಡು ಮಾತ್ರ ಸೇರಿಸುವವರಿಗೆ ಅದು ಬೇಡ.

ಇನ್ನು ಹೆಸರಿನ ಮೋಸಗಳು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಆರ್‌ಟಿಎಕ್ಸ್ 3050 ಅಂತ ಎರಡು ಕಾರ್ಡಿವೆ. 8 ಜಿಬಿಯದ್ದು ಬೇರೆ, 6 ಜಿಬಿಯದ್ದು ಬೇರೆ. 6 ಜಿಬಿಯದ್ದರಲ್ಲಿ ಮೆಮೊರಿ ಮಾತ್ರವಲ್ಲ, ಒಳಗಿನ ಕೋರುಗಳೂ ಕಡಿಮೆ. 3060 ಕೂಡ 12 ಜಿಬಿ, 8 ಜಿಬಿ ಅಂತ ಎರಡಿವೆ. 8 ಜಿಬಿಯದ್ದರ ಮೆಮೊರಿ ದಾರಿ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿದೆ, ಆಟದಲ್ಲಿ ಅದು ಕಾಣುತ್ತದೆ. ಇನ್ನು "4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ ಸಾರ್" ಅಂತ ಜಿಟಿ 730 ತೋರಿಸುವವರೂ ಇದ್ದಾರೆ. ಅದು 2014ರ ಕಾರ್ಡು. ಮಾನಿಟರಿಗೆ ಚಿತ್ರ ಕೊಡುತ್ತದೆ, ಆಟಕ್ಕೆ ಅಲ್ಲ. ಎಷ್ಟು ಜಿಬಿ ಅನ್ನುವುದು ಕಾರ್ಡಿನ ವೇಗ ಅಲ್ಲ. ಮಾಡೆಲ್ ಹೆಸರನ್ನು ಪೂರ್ತಿಯಾಗಿ, ಕೊನೆಯ ಅಕ್ಷರದವರೆಗೂ ಓದಿ.

ಒಂದೇ ಚಿಪ್ಪಿನ ಕಾರ್ಡನ್ನು ಹತ್ತು ಕಂಪನಿಗಳು ಮಾಡುತ್ತವೆ. ಎರಡು ಫ್ಯಾನಿನದ್ದು, ಮೂರು ಫ್ಯಾನಿನದ್ದು, ಮಿಣಮಿಣ ಮಿನುಗುವುದು. ಆಟದಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಎರಡು ಮೂರು ಫ್ರೇಮ್ ಮಾತ್ರ. 5060ರಲ್ಲಿ ಅತಿ ದುಬಾರಿ ರೂಪಕ್ಕೆ ಕೊಡುವ ದುಡ್ಡಿನಲ್ಲಿ ಕೆಲವೊಮ್ಮೆ ಅದರ ಮೇಲಿನ ದರ್ಜೆಯ ಸಾದಾ ಕಾರ್ಡೇ ಬರುತ್ತದೆ. ಎರಡು ಫ್ಯಾನಿನ, ಸಾದಾ, 3 ವರ್ಷ ವಾರಂಟಿ ಇರುವುದು ಸಾಕು.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅನ್ನುವ ಮಾತು ಕೇಳಿರುತ್ತೀರಿ. ಚಿಕ್ಕ ಚಿತ್ರ ಬಿಡಿಸಿ ಅದನ್ನು ದೊಡ್ಡದು ಮಾಡಿ ತೋರಿಸುವ ತಂತ್ರ ಇದು, ನಿಜಕ್ಕೂ ಉಪಯೋಗ ಇದೆ. ಫ್ರೇಮ್ ಜನರೇಶನ್ ಅದರ ಜೊತೆ ಬರುವ ಇನ್ನೊಂದು ತಂತ್ರ. ನಡುವೆ ನಡುವೆ ಊಹಿಸಿದ ಫ್ರೇಮ್ ಸೇರಿಸುತ್ತದೆ. ಮೊದಲೇ 60 ಫ್ರೇಮ್ ಬರುತ್ತಿದ್ದರೆ ಇದರಿಂದ ಆಟ ನಯವಾಗಿ ಕಾಣುತ್ತದೆ. 25 ಫ್ರೇಮಿನಲ್ಲಿ ಒದ್ದಾಡುವ ಆಟಕ್ಕೆ ಇದನ್ನು ಹಾಕಿದರೆ ಪರದೆಯ ಮೇಲಿನ ಅಂಕಿ ಏರುತ್ತದೆ, ಕೈಗೆ ಮಾತ್ರ ಅದೇ ಮಂದ. ಡಬ್ಬದ ಮೇಲಿನ ಜಾಹೀರಾತಿನಲ್ಲಿ ಎರಡು ಪಟ್ಟು, ನಾಲ್ಕು ಪಟ್ಟು ಅಂದರೆ ಹೆಚ್ಚಾಗಿ ಈ ಅಂಕಿಯೇ.

ಹೆಜ್ಜೆ 4: ಪ್ರೊಸೆಸರ್

6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ) ಇರುವ ಪ್ರೊಸೆಸರ್ ಸಾಕು. ಈ ಬಜೆಟ್ಟಿಗೆ ನಾನು ಹೇಳುವುದು ಎರಡೇ: ಎಎಂಡಿ ರೈಜೆನ್ 5 5600 ಅಥವಾ ಇಂಟೆಲ್ ಕೋರ್ ಐ5-12400ಎಫ್. ಎರಡೂ 2022ರಲ್ಲಿ ಬಂದವು. ಮೇಲೆ ಹೇಳಿದ ಕಾರ್ಡುಗಳಿಗೆ ಎರಡೂ ಸಾಕಾಗುತ್ತವೆ. ಎರಡರಲ್ಲಿ ಯಾವುದು ಅಂದರೆ, ಬೋರ್ಡು ಸೇರಿಸಿ ಯಾವುದು ಕಡಿಮೆಗೆ ಸಿಗುತ್ತದೋ ಅದು.

ಹೊಸ ಎಎಂ5 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ರೈಜೆನ್ 5 7500ಎಫ್ ಅಥವಾ 7600 ಇವೆರಡಕ್ಕಿಂತ ವೇಗ, ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳುವ ಅವಕಾಶವೂ ಇದೆ. ತೊಂದರೆ ಏನೆಂದರೆ ಎಎಂ5ಗೆ ಡಿಡಿಆರ್5 ಅನ್ನುವ ಹೊಸ ತಲೆಮಾರಿನ ರ‍್ಯಾಮ್ ಬಿಟ್ಟು ಬೇರೆ ಹಾಕಲಾಗದು. ರ‍್ಯಾಮ್ ಅಗ್ಗ ಇದ್ದಾಗ ನಾನು ಎಲ್ಲರಿಗೂ ಎಎಂ5 ಅನ್ನುತ್ತಿದ್ದೆ. ಈಗ ಹಾಗಲ್ಲ. ನಿಮ್ಮ ಹಳೆ ಪಿಸಿಯಲ್ಲೋ, ಗೆಳೆಯನ ಹತ್ತಿರವೋ ಡಿಡಿಆರ್4 ರ‍್ಯಾಮ್ ಇದ್ದರೆ, ಎಎಂ4 (5600 ಕೂರುವ ಸಾಕೆಟ್) ಅಥವಾ 12400ಎಫ್ ಜೊತೆ ಡಿಡಿಆರ್4 ಬೋರ್ಡು ಹಾಕಿಸುವುದೇ ಜಾಣತನ. ಉಳಿದ ಹಣ ಕಾರ್ಡಿಗೆ ಹೋಗಲಿ. ವ್ಯಾಲೊರೆಂಟ್, ಸಿಎಸ್2ನಲ್ಲಿ 240 ಹರ್ಟ್ಸ್ ಮಾನಿಟರ್ ತುಂಬಿಸಬೇಕು ಅನ್ನುವವರು ಮಾತ್ರ ಎಎಂ5 ಕಡೆ ನೋಡಲಿ.

ಇಲ್ಲೂ ಹೆಸರುಗಳು ಕೈಕೊಡುತ್ತವೆ. 5600, 5600ಜಿ, 5500 ಮೂರೂ ಅಣ್ಣತಮ್ಮಂದಿರಂತೆ ಕಂಡರೂ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕಾದ ಮೆಮೊರಿ) ಇದೆ, ಉಳಿದೆರಡರಲ್ಲಿ 16 ಎಂಬಿ. ಆ ಎರಡೂ ಪಿಸಿಐಇ ದಾರಿಯ ಹಳೆಯ, ನಿಧಾನದ ರೂಪವಾದ 3.0ಗೇ ನಿಲ್ಲುತ್ತವೆ. ಬೇರೆ ಕಾರ್ಡು ಹಾಕುವವರಿಗೆ 5600ಜಿ ಬೇಕಿಲ್ಲ. ಒಳಗೇ ಗ್ರಾಫಿಕ್ಸ್ ಇರುವ ಅದು ಕಾರ್ಡೇ ಇಲ್ಲದೆ ಒಂದಷ್ಟು ದಿನ ತಳ್ಳಬೇಕಾದವರಿಗೆ. ಇಂಟೆಲ್ ಹೆಸರಿನ ಕೊನೆಯ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ರೈಜೆನ್ 5600ರಲ್ಲೂ ಇಲ್ಲ. ಇವೆರಡರಲ್ಲಿ ಕಾರ್ಡು ಕೆಟ್ಟರೆ ಪರದೆ ಕಪ್ಪು.

ಐ7 ಆಸೆಯವರಿಗೆ ಒಂದು ಮಾತು. "ಐ7 ಗೇಮಿಂಗ್ ಪಿಸಿ, 25 ಸಾವಿರ" ಅಂತ ಜಾಹೀರಾತು ಬರುತ್ತವೆ. ಒಳಗೆ ಇರುವುದು ಬಹಳ ಸಲ 2012ರ ಐ7-3770. ನಾಲ್ಕೇ ಕೋರು, ಡಿಡಿಆರ್3 ರ‍್ಯಾಮ್, ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವೂ ಇಲ್ಲ. ಇವತ್ತಿನ 12400ಎಫ್ ಮುಂದೆ ಅದು ನಿಲ್ಲುವುದಿಲ್ಲ. ಐ7 ಅನ್ನುವುದನ್ನಲ್ಲ, ಅದರ ಮುಂದಿನ ನಂಬರನ್ನು ಕೇಳಿ.

ಹೆಜ್ಜೆ 5: ಮದರ್‌ಬೋರ್ಡ್

ರೈಜೆನ್ 5600ಗೆ ಬಿ550 ಚಿಪ್‌ಸೆಟ್ಟಿನ ಬೋರ್ಡು, ಇಂಟೆಲಿಗೆ ಬಿ660 ಅಥವಾ ಬಿ760. ಅದಕ್ಕಿಂತ ಮೇಲಿನದು ಈ ಬಜೆಟ್ಟಿಗೆ ದಂಡ.

ಎ520 ಬೋರ್ಡು ಅಗ್ಗ, ಆದರೆ ಪಿಸಿಐಇ 3.0 ಮಾತ್ರ. ಆರ್‌ಟಿಎಕ್ಸ್ 4060, 5060, ಆರ್‌ಎಕ್ಸ್ 7600 ಇವೆಲ್ಲ 16 ಲೇನ್ (ಆ ದಾರಿಯ ಸಾಲು) ಬದಲು 8 ಲೇನ್ ಮಾತ್ರ ಬಳಸುವ ಕಾರ್ಡುಗಳು. ಬಿ550ಯ 4.0ಕ್ಕೆ ಹೋಲಿಸಿದರೆ 3.0 ಬೋರ್ಡಿನಲ್ಲಿ ಅವುಗಳ ದಾರಿ ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಾರ್ಡಿನ ಮೆಮೊರಿ ತುಂಬಿದಾಗ ಮಾತ್ರ ಚುರುಕು ಮುಟ್ಟುತ್ತದೆ. 16 ಜಿಬಿ ಕಾರ್ಡು ಕೊಳ್ಳುವವರಿಗೆ ಇದರ ಚಿಂತೆ ಕಡಿಮೆ.

ಹಳೆಯ ಬಿ450 ಬೋರ್ಡು ಸಿಕ್ಕರೆ ರೈಜೆನ್ 5000 ಗುರುತಿಸುವ ಬಯಾಸ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ. ಇಂಟೆಲ್ ಬೋರ್ಡಿನಲ್ಲಿ ಒಂದೇ ಮಾಡೆಲ್ ಡಿಡಿಆರ್4, ಡಿಡಿಆರ್5 ಎರಡು ರೂಪದಲ್ಲಿ ಬರುತ್ತದೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ಆರ್ಡರ್ ಮಾಡುವ ಮುಂಚೆ ಇದನ್ನು ಎರಡು ಸಲ ನೋಡಿ. ವೈಫೈ ಬೇಕಿದ್ದರೆ ಬೋರ್ಡಿನಲ್ಲಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೂ ಆನ್‌ಲೈನ್ ಆಟಕ್ಕೆ ಕೇಬಲ್ ಎಳೆಯುವುದೇ ಒಳ್ಳೆಯದು.

ಹೆಜ್ಜೆ 6: ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ ಒಂದೇ ಕಡ್ಡಿ ಬೇಡ, 8ರ ಎರಡು ಕಡ್ಡಿ ಹಾಕಿಸಿ. ಎರಡಿದ್ದರೆ ಪ್ರೊಸೆಸರ್ ಎರಡೂ ದಾರಿಯಲ್ಲಿ ಒಟ್ಟಿಗೆ ಓದುತ್ತದೆ. ಒಂದೇ ಕಡ್ಡಿಯ ಪಿಸಿಯಲ್ಲಿ ಆಟ ಎಡವುವುದಕ್ಕೆ ಇದು ತುಂಬಾ ಸಾಮಾನ್ಯವಾದ ಕಾರಣ. ಡಿಡಿಆರ್4 ಆದರೆ 3200 ವೇಗ, ಸಿಎಲ್16 (ಈ ಸಂಖ್ಯೆ ಕಡಿಮೆ ಇದ್ದಷ್ಟೂ ವಿಳಂಬ ಕಡಿಮೆ). ಡಿಡಿಆರ್5 ಆದರೆ 6000. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಅವಸರದಲ್ಲಿ ಅಸೆಂಬಲ್ ಮಾಡುವ ಹುಡುಗರು ಅಕ್ಕಪಕ್ಕ ಹಾಕಿಬಿಡುತ್ತಾರೆ. ನೋಡಿಕೊಳ್ಳಿ.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ವೇಗದ ಬಗೆ). ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 150 ಜಿಬಿ ಜಾಗ ಕೇಳುತ್ತದೆ. 500 ಜಿಬಿಯಲ್ಲಿ ವಿಂಡೋಸ್ ಕಳೆದು ಮೂರು ದೊಡ್ಡ ಆಟ ಹಿಡಿಸುವುದೂ ಕಷ್ಟ. ಆಟಕ್ಕೆ ಅತಿ ವೇಗದ ಎಸ್‌ಎಸ್‌ಡಿ ಬೇಡ. ಸಾದಾ ಪಿಸಿಐಇ 3.0 ಅಥವಾ 4.0ದ್ದು ಎರಡರಲ್ಲೂ ಆಟ ಲೋಡ್ ಆಗುವ ಹೊತ್ತು ಹೆಚ್ಚುಕಡಿಮೆ ಒಂದೇ. ಎಂ.2 (ಬೋರ್ಡಿನ ಮೇಲೇ ಕೂರುವ ಚಿಕ್ಕ ಪಟ್ಟಿ) ಆಕಾರದಲ್ಲಿ ಸಾಟಾ ಅನ್ನುವ ಹಳೆಯ, ನಿಧಾನದ ಬಗೆಯ ಡ್ರೈವುಗಳೂ ಇವೆ, ನೋಡಲು ಒಂದೇ ಥರ. ಪಟ್ಟಿಯಲ್ಲಿ ಎನ್‌ವಿಎಂಇ ಅಂತ ಬರೆದಿದೆಯಾ ನೋಡಿ. ಹೆಸರೇ ಕೇಳದ ಬ್ರ್ಯಾಂಡ್ ಬೇಡವೇ ಬೇಡ.

ಹೆಜ್ಜೆ 7: ಎಸ್‌ಎಂಪಿಎಸ್

ಅಂಗಡಿಯಲ್ಲಿ ಮಾತು ಹೀಗೆ ನಡೆಯುತ್ತದೆ.

"ಎಸ್‌ಎಂಪಿಎಸ್ ಯಾವ ಮಾಡೆಲ್ ಅಣ್ಣ?"

"ಕ್ಯಾಬಿನೆಟ್ ಜೊತೆ ಫ್ರೀ ಬರುತ್ತೆ ಸಾರ್, 450 ವ್ಯಾಟ್. ನೀವು ಟೆನ್ಶನ್ ತಗೋಬೇಡಿ."

ಇಲ್ಲೇ ಟೆನ್ಶನ್ ತಗೋಬೇಕಾದ್ದು. ಆ ಡಬ್ಬಿಯ ಬದಿಯಲ್ಲಿ ಒಂದು ಸ್ಟಿಕರ್ ಇರುತ್ತದೆ. ಅದರಲ್ಲಿ +12ವಿ ಅನ್ನುವ ಸಾಲಿನ ಕೆಳಗೆ ಎಷ್ಟು ಆಂಪ್ ಅಂತ ಬರೆದಿರುತ್ತದೆ. ಆ ಸಂಖ್ಯೆಯನ್ನು 12ರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟಿನಿಂದ. 16 ಆಂಪ್ ಅಂತ ಬರೆದಿದ್ದರೆ 192 ವ್ಯಾಟ್ ಆಯಿತು. ಮೇಲೆ 450 ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಿಮಗೆ ಸಿಗುವುದು ಅಷ್ಟೇ, ಅದೂ ಸ್ಟಿಕರ್ ಸತ್ಯ ಹೇಳುತ್ತಿದ್ದರೆ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿನಲ್ಲಿ 45 ಆಂಪ್ ಆಸುಪಾಸು ಇರುತ್ತದೆ. ಅಂದರೆ 540 ವ್ಯಾಟ್.

ನಿಮಗೆ ಬೇಕಾದ್ದು ಎಷ್ಟು? ರೈಜೆನ್ 5600 ಗರಿಷ್ಠ 76 ವ್ಯಾಟ್ ಎಳೆಯುತ್ತದೆ, 12400ಎಫ್ ಪೂರ್ತಿ ಭಾರದಲ್ಲಿ 117. ಕಾರ್ಡುಗಳಲ್ಲಿ 4060ಕ್ಕೆ 115, 5060ಕ್ಕೆ 145, ಆರ್‌ಎಕ್ಸ್ 7600ಗೆ 165, ಬಿ580ಗೆ 190. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲಕ್ಕೂ ಸೇರಿ 50 ಇಟ್ಟುಕೊಳ್ಳಿ. ಕೂಡಿಸಿದರೆ 240ರಿಂದ 360ರೊಳಗೆ ಬರುತ್ತದೆ. ಕಾರ್ಡುಗಳು ಕ್ಷಣಮಾತ್ರಕ್ಕೆ ಹೇಳಿದ್ದಕ್ಕಿಂತ ಜಾಸ್ತಿ ಎಳೆಯುವುದೂ ಉಂಟು. ಹಾಗಾಗಿ ಒಳ್ಳೆಯ 550 ವ್ಯಾಟ್. ಮುಂದೆ ದೊಡ್ಡ ಕಾರ್ಡು ಹಾಕುವ ಆಸೆ ಇದ್ದರೆ 650. ಅದಕ್ಕಿಂತ ಜಾಸ್ತಿ ಬೇಡ.

80 ಪ್ಲಸ್ ಬ್ರಾಂಜ್ ಅಂದರೆ ಅರ್ಧ ಭಾರದಲ್ಲಿ 85 ಪರ್ಸೆಂಟ್ ದಕ್ಷತೆ, ಅಷ್ಟೇ. ಅದು ಗುಣಮಟ್ಟದ ಪೂರ್ತಿ ಸರ್ಟಿಫಿಕೇಟ್ ಅಲ್ಲ. ವಾರಂಟಿ ಎಷ್ಟು ವರ್ಷ ಅನ್ನುವುದು ನನಗೆ ಇನ್ನೂ ಒಳ್ಳೆಯ ಗುರುತು. 5 ವರ್ಷ ವಾರಂಟಿ ಕೊಡುವ ಕಂಪನಿ ಒಳಗೆ ಕಳಪೆ ಕೆಪಾಸಿಟರ್ ಹಾಕಿ ನಷ್ಟ ಮಾಡಿಕೊಳ್ಳುವುದಿಲ್ಲ. ಕಾರ್ಡಿಗೆ ಬೇಕಾದ 8 ಪಿನ್ ಪಿಸಿಐಇ ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಹಳೆ ನಾಲ್ಕು ಪಿನ್ ಮೋಲೆಕ್ಸ್ ಕನೆಕ್ಟರಿನಿಂದ ಅಡಾಪ್ಟರ್ ಹಾಕಿ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅಂಥವು ಬಿಸಿಯಾಗಿ ಕರಗುತ್ತವೆ.

ಉಳಿದ ಪಾರ್ಟು ಕೆಟ್ಟರೆ ಅದೊಂದೇ ಕೆಡುತ್ತದೆ. ಎಸ್‌ಎಂಪಿಎಸ್ ಕೆಟ್ಟ ರೀತಿಯಲ್ಲಿ ಕೆಟ್ಟರೆ 30 ಸಾವಿರದ ಕಾರ್ಡನ್ನೂ, ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಇಲ್ಲಿ ಎರಡು ಸಾವಿರ ಉಳಿಸುವುದು ಉಳಿತಾಯ ಅಲ್ಲ.

ನಮ್ಮ ಕರೆಂಟಿನ ಕಥೆಯೂ ಇದಕ್ಕೆ ಸೇರಿದ್ದೇ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಆಡುತ್ತಿರುವಾಗ ಪಿಸಿ ಮತ್ತು ಮಾನಿಟರ್ ಸೇರಿ ಅದರ ಅಂಚಿಗೆ ಬಂದಿರುತ್ತವೆ, ಕರೆಂಟ್ ಹೋದ ಕೂಡಲೇ ಯುಪಿಎಸ್ ಕೂಡ ಕೈ ಎತ್ತುತ್ತದೆ. 1000 ವಿಎ ಮೇಲಿನದು ತಗೊಳ್ಳಿ. ಅದು ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ, ಆಟ ಮುಂದುವರಿಸುವುದಕ್ಕಲ್ಲ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಸೈನ್ ವೇವ್ ಆಗಿರಲಿ, ಯುಪಿಎಸ್ ಮೋಡಿನಲ್ಲಿರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ.

ಕ್ಯಾಬಿನೆಟ್ ಮುಟ್ಟಿದಾಗ ಚುರ್ ಅನ್ನುತ್ತಿದ್ದರೆ ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿ ಇಲ್ಲ ಅಂತ ಅರ್ಥ. ಅದು ಪಿಸಿಯ ದೋಷ ಅಲ್ಲ. ಹೊಸ ಪಿಸಿ ಬರುವ ಮುಂಚೆಯೇ ಎಲೆಕ್ಟ್ರಿಶಿಯನ್ ಕರೆಸಿ ಅರ್ತಿಂಗ್ ನೋಡಿಸಿಬಿಡಿ.

ಹೆಜ್ಜೆ 8: ಕ್ಯಾಬಿನೆಟ್

ಮುಂದೆ ಜಾಲರಿ ಇರಲಿ, ಗಾಜು ಬೇಡ. ಮುಂದಿನಿಂದ ಗಾಳಿ ಎಳೆಯುವ ಎರಡು ಫ್ಯಾನ್, ಹಿಂದಿನಿಂದ ಹೊರಹಾಕುವ ಒಂದು. ನಿಮ್ಮ ಕಾರ್ಡಿನ ಉದ್ದ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದಾ ಅಂತ ಮಿಲಿಮೀಟರ್ ನೋಡಿಯೇ ಕೊಳ್ಳಿ. ಬೆಂಗಳೂರು, ಮಡಿಕೇರಿಯಲ್ಲಿ ಪ್ರೊಸೆಸರ್ ಜೊತೆ ಬರುವ ಕೂಲರ್ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರಿನಲ್ಲಿ ಎರಡು ಸಾವಿರದೊಳಗಿನ ಟವರ್ ಕೂಲರ್ ಹಾಕಿಸಿದರೆ ಫ್ಯಾನಿನ ಗಲಾಟೆ ಕಡಿಮೆಯಾಗುತ್ತದೆ. ವಾಟರ್ ಕೂಲರ್ ಯಾರಿಗೂ ಬೇಡ. ಪಿಸಿಯನ್ನು ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನಲ್ಲಿ ಇಡಬೇಡಿ. ತಾನು ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಹೆಜ್ಜೆ 9: ಕೊಳ್ಳುವುದು

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಗೊತ್ತೇ ಇದೆ. ಟೌನ್‌ಹಾಲ್ ಹತ್ತಿರ, ಕಾಲಿಡಲು ಜಾಗ ಇಲ್ಲದ ರಸ್ತೆ. ಹೋಗುವ ಹಿಂದಿನ ರಾತ್ರಿ ಆನ್‌ಲೈನಿನಲ್ಲಿ ಪ್ರತಿ ಪಾರ್ಟಿನ ಬೆಲೆ ಬರೆದುಕೊಳ್ಳಿ. ಅಂಗಡಿಯಲ್ಲಿ "ಗೇಮಿಂಗ್ ಪಿಸಿ ಎಷ್ಟಾಗುತ್ತೆ?" ಅಂತ ಕೇಳಬೇಡಿ. ನಿಮ್ಮ ಪಟ್ಟಿ ಕೊಟ್ಟು, ಪೂರ್ತಿ ಮಾಡೆಲ್ ಹೆಸರಿನೊಂದಿಗೆ ಒಂದೊಂದರ ರೇಟು ಬರೆಸಿಕೊಳ್ಳಿ. ಮೂರು ಅಂಗಡಿಯ ಕೊಟೇಶನ್ ಕೈಯಲ್ಲಿದ್ದರೆ ಚೌಕಾಸಿ ತಾನಾಗಿ ನಡೆಯುತ್ತದೆ. ಒಟ್ಟಿಗೆ ಎಲ್ಲ ಕೊಂಡರೆ ಅಸೆಂಬಲ್ ಮಾಡಿಕೊಡುವುದಕ್ಕೆ ದುಡ್ಡು ತೆಗೆದುಕೊಳ್ಳದ ಅಂಗಡಿಗಳು ಬಹಳ.

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ ಸಾರ್" ಅಂದರೆ ಒಪ್ಪಬೇಡಿ. ಕಂಪ್ಯೂಟರ್ ಪಾರ್ಟುಗಳಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ ನಿಜ. ಆದರೆ ಕಾರ್ಡು ಎರಡನೇ ವರ್ಷದಲ್ಲಿ ಕೈಕೊಟ್ಟಾಗ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳುವುದು ಬಿಲ್. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಕಂಪನಿಯ ವಾರಂಟಿ ಇರುವುದಿಲ್ಲ, ಅಂಗಡಿಯವರು ಎಷ್ಟು ಹೇಳುತ್ತಾರೋ ಅಷ್ಟು. ನಂಬಿಕೆ ಇದ್ದರೆ ತಗೊಳ್ಳಿ, ಅದನ್ನೂ ಬಿಲ್ ಮೇಲೆ ಬರೆಸಿ. ಬೇರೆ ಊರಿನವರು ಆನ್‌ಲೈನಿನಲ್ಲಿ ತರಿಸುವಾಗ ಪ್ಯಾಕೆಟ್ ಒಡೆಯುವುದನ್ನು ಕಟ್ ಇಲ್ಲದೆ ವಿಡಿಯೊ ಮಾಡಿ. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿದೆಯಾ, ಬೆಂಗಳೂರಿಗೇ ಕಳಿಸಬೇಕಾ ಅಂತ ಮೊದಲೇ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ನಾನು ವಿರೋಧಿ ಅಲ್ಲ. 2021ರ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 12 ಜಿಬಿ ಒಳ್ಳೆ ಬೆಲೆಗೆ ಸಿಕ್ಕರೆ 1080ಪಿಗೆ ಇವತ್ತಿಗೂ ಚೆನ್ನಾಗಿವೆ. ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಇಥೀರಿಯಂ ಮೈನಿಂಗ್ ನಿಂತದ್ದು 2022ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚಿನ ಕಾರ್ಡುಗಳಲ್ಲಿ ಮೈನಿಂಗ್‌ಗೆ ದುಡಿದವೂ ಇರುತ್ತವೆ. ಮಾರುವವರ ಮನೆಯಲ್ಲೇ ಕಾರ್ಡು ಹಾಕಿಸಿ, ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡೆಲ್ ಮತ್ತು ಮೆಮೊರಿ ನೋಡಿ, ಅರ್ಧ ಗಂಟೆ ಒಂದು ದೊಡ್ಡ ಆಟ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ನಮಸ್ಕಾರ ಹೇಳಿ ಹೊರಡಿ. ಎಎಂ4 ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ಬಗ್ಗಿವೆಯಾ ನೋಡಿ. ಹಳೆ ಎಸ್‌ಎಂಪಿಎಸ್ ಮಾತ್ರ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಹೆಜ್ಜೆ 10: ಮನೆಗೆ ತಂದ ಮೇಲೆ

ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಚುಚ್ಚಿ, ಮದರ್‌ಬೋರ್ಡಿಗೆ ಅಲ್ಲ. 5600, 12400ಎಫ್ ಇದ್ದರೆ ಬೋರ್ಡಿನಿಂದ ಚಿತ್ರವೇ ಬರುವುದಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತದೆ. ರೈಜೆನ್ 7600ನಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇದೆ. ಹಾಗಾಗಿ ಚಿತ್ರ ಬರುತ್ತದೆ, ಆಟ ಮಾತ್ರ ತೆವಳುತ್ತದೆ. ಹೊಸ ಕಾರ್ಡೇ ಸರಿ ಇಲ್ಲ ಅಂತ ಅಂಗಡಿಗೆ ಹೊರಡುವ ಮುಂಚೆ ಕೇಬಲ್ ಎಲ್ಲಿದೆ ನೋಡಿ.

ಆಮೇಲೆ ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇದು ಇಲ್ಲದಿದ್ದರೆ ನಿಮ್ಮ 3200 ರ‍್ಯಾಮ್ 2400 ಅಥವಾ 2666ರಲ್ಲಿ ಓಡುತ್ತಿರುತ್ತದೆ. ಅಲ್ಲೇ ರೀಸೈಜಬಲ್ ಬಾರ್ ಕೂಡ. ವ್ಯಾಲೊರೆಂಟ್ ಆಡುವವರು ಬಯಾಸಿನ ಸುರಕ್ಷತೆಯ ಸೆಟ್ಟಿಂಗುಗಳಾದ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಇಡಬೇಕು, ವಿಂಡೋಸ್ 11ರಲ್ಲಿ ಆ ಆಟ ಇವನ್ನು ಕೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸ ಪಿಸಿಗೆ 11 ಹಾಕಿ. ಕಥೆಯ ಆಟಗಳನ್ನಷ್ಟೇ ಸ್ಟೀಮಿನಲ್ಲಿ (ಆಟ ಮಾರುವ ಆನ್‌ಲೈನ್ ಅಂಗಡಿ) ಕೊಂಡು ಆಡುವವರಿಗೆ ಲಿನಕ್ಸ್ ಕೂಡ ನಡೆಯುತ್ತದೆ. ವ್ಯಾಲೊರೆಂಟ್ ಮಾತ್ರ ಅಲ್ಲಿ ಓಡುವುದಿಲ್ಲ.

ವಿಂಡೋಸ್ ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಅಂತ ಹೋಗಿ ರಿಫ್ರೆಶ್ ರೇಟ್ 144 ಮಾಡಿ. ಎಷ್ಟೋ ಜನ ತಿಂಗಳುಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ.

ಕೊನೆಗೆ ಒಂದು ಗಂಟೆ ದೊಡ್ಡ ಆಟ ಆಡಿ ಬಿಸಿ ಎಷ್ಟಿದೆ ನೋಡಿ. ಪ್ರೊಸೆಸರ್ 85 ಡಿಗ್ರಿ ಒಳಗೆ, ಕಾರ್ಡು 80ರ ಆಸುಪಾಸಿನಲ್ಲಿದ್ದರೆ ಯೋಚನೆ ಬೇಡ. ಬಿಸಿ ಸರಿಯಾಗಿದ್ದೂ ಆಟ ನಡುವೆ ನಿಂತುಹೋಗುತ್ತಿದ್ದರೆ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಆಡಿ ನೋಡಿ. ಆಗ ಸರಿಹೋದರೆ ಬಯಾಸ್ ಅಪ್‌ಡೇಟ್ ಮಾಡಿ ಮತ್ತೆ ಎಕ್ಸ್‌ಎಂಪಿ ಹಾಕಿ. ಆಗಲೂ ನಿಲ್ಲುತ್ತಿದ್ದರೆ ಒಂದೊಂದೇ ರ‍್ಯಾಮ್ ಕಡ್ಡಿ ಹಾಕಿ ಪರೀಕ್ಷೆ ಮಾಡಿ, ತೊಂದರೆ ಕೊಡುವ ಕಡ್ಡಿ ಗೊತ್ತಾದ ಮೇಲೆ ಬಿಲ್ ಹಿಡಿದುಕೊಂಡು ಎರಡೂ ಕಡ್ಡಿಯನ್ನು ಒಟ್ಟಿಗೆ ಅಂಗಡಿಗೆ ಕೊಡಿ. ಜೋಡಿಯಾಗಿ ಬಂದದ್ದನ್ನು ಜೋಡಿಯಾಗಿಯೇ ಬದಲಿಸಿಕೊಡುತ್ತಾರೆ.